ಶೋಧಕ ತೋರಿಸಿದ ಸೊನ್ನೆ

ಯಂತ್ರದ ಪಟ್ಟಿಯ ಮೇಲೆ ರಾಗಿ ಸರಿಯ ಹಿಟ್ಟು ತೆಳ್ಳಗೆ ಹರಡಿಕೊಂಡು ಸಾಗುತ್ತಿತ್ತು. ಮೇಲಿನಿಂದ ನೀಲಿ ಬೆಳಕು ಅದನ್ನು ತಡಕುತ್ತಿತ್ತು. ಗೋಡೆಯ ಫಲಕದಲ್ಲಿ ಹಸಿರು ಅಕ್ಷರಗಳು: ‘ಪರವಸ್ತು: ಸೊನ್ನೆ’. ಅದೇ ಸೊನ್ನೆ ಪ್ರತಿ ಡಬ್ಬಿಯ ಮೇಲೂ ಅಚ್ಚಾಗುತ್ತಿತ್ತು. ಸತತ ಮೂವತ್ತನೆಯ ದಿನವೂ ಸೊನ್ನೆ! ಅದನ್ನು ಕಣ್ಣಾರೆ ನೋಡಲೆಂದೇ ವಿಜ್ಞಾನಿ ಡಾ. ಶ್ರೀಕಂಠ ಹಂಪಿಹೊಳಿ ಗದುಗಿನ ಈ ಶಿಶು ಆಹಾರ ಕಾರ್ಖಾನೆಗೆ ಬಂದಿದ್ದರು. ಯಂತ್ರ ಅವರದೇ ಸೃಷ್ಟಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವರ ಕೂಸು ನಿಜಕ್ಕೂ ಜಾಣ.

ಕಲ್ಲು, ಕೂದಲು, ಗಾಜು ಹುಡುಕುವ ಯಂತ್ರಗಳು ಮೊದಲೂ ಇದ್ದವು. ಡಾಕ್ಟರ ‘ಪರವಸ್ತು ಶೋಧಕ’ ಸಿಕ್ಕ ವಸ್ತು ಯಾರದೆಂದೂ ಹೇಳುತ್ತಿತ್ತು. ಪ್ರತಿ ವಸ್ತುವೂ ಬೆಳಕನ್ನು ತನ್ನದೇ ರೀತಿಯಲ್ಲಿ ಹಿಂದಿರುಗಿಸುತ್ತದೆ. ಡಾಕ್ಟರು ಅದಕ್ಕೆ ‘ಬೆಳಕುಗುರುತು’ ಎಂದು ಹೆಸರಿಟ್ಟಿದ್ದರು. ಬೆಳಿಗ್ಗೆ ಬಾಗಿಲಲ್ಲೇ ಕೆಲಸಕ್ಕೆ ಬರುವ ಪ್ರತಿ ಹೆಂಗಸಿನ ಗುಂಡಿ, ಬಳೆ, ಕೂದಲುಗಳ ಗುರುತು ದಾಖಲಾಗುತ್ತಿತ್ತು. ಹಿಟ್ಟಿನಲ್ಲಿ ಏನಾದರೂ ಸಿಕ್ಕರೆ ಒಡತಿಯ ಹೆಸರು ಫಲಕದಲ್ಲಿ ಕೆಂಪಗೆ ಮೂಡುತ್ತಿತ್ತು. ಅವಳಿಗೆ ಒಂದು ವಾರ ಕೆಲಸವಿಲ್ಲ. ಯಂತ್ರದ ಮಾತಿನೆದುರು ಮನುಷ್ಯರ ಸಾಕ್ಷಿ ನಡೆಯದು ಎಂದು ಕಾರ್ಖಾನೆಯ ಜೊತೆಗಿನ ಒಪ್ಪಂದದಲ್ಲಿ ಬರೆಸಿದವರೂ ಡಾಕ್ಟರೇ.

ಅವರ ಧೈರ್ಯ ಎಷ್ಟೆಂದರೆ, ಅಲ್ಲಿ ಕೆಲಸ ಮಾಡುವ ಏಳು ತಿಂಗಳ ಬಸುರಿ ರೇಣವ್ವ, ಸೀಮಂತದ ಕುಬಸದಲ್ಲಿ ತೊಡಿಸಿದ ಹಸಿರು ಬಳೆಗಳನ್ನು ಹೆರಿಗೆಯವರೆಗೆ ತೆಗೆಯಬಾರದೆಂದು ಅತ್ತಾಗ, “ಬಟ್ಟೆ ಸುತ್ತಿಕೊಂಡು ಬರಲಿ. ಒಡೆದು ಬಿದ್ದರೆ ಯಂತ್ರ ಹಿಡಿಯುತ್ತದೆ” ಎಂದು ಒಪ್ಪಿಗೆ ಕೊಟ್ಟಿದ್ದರು.

ಊಟದ ಹೊತ್ತಿನಲ್ಲಿ ಗೋದಾಮಿನ ಹಿಂದೆ ಸರಸರ ಸದ್ದು ಕೇಳಿತು. ಇಣುಕಿದರೆ ಆರೇಳು ಹೆಂಗಸರು ಬುತ್ತಿ ಬಿಚ್ಚದೆ ಜರಡಿ ಹಿಡಿಯುತ್ತಿದ್ದರು. ಅವರಲ್ಲಿ ಹಿರಿಯಳಾದ ಫಕ್ಕೀರವ್ವನನ್ನು ಡಾಕ್ಟರು ಕೇಳಿದರು:

“ಇದೇನಮ್ಮಾ?”

“ಹೇಳಿದ್ರ ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಓಡೋ ಪಟ್ಟಿ ಮ್ಯಾಲಿಂದ ಆರಿಸಾಕ ಆಗಂಗಿಲ್ರಿ. ಏನರ ಬಿದ್ದದ್ದು ಕಂಡಕೂಡ್ಲೆ ಅದರ ಮ್ಯಾಲೆ ನಾಕು ಬೊಗಸಿ ಹಿಟ್ಟು ಸುರೀತೀವಿ. ಹಿಟ್ಟು ದಪ್ಪಾದ್ರ ನಿಮ್ಮ ಯಂತ್ರಕ್ಕ ಕಾಣಂಗಿಲ್ಲ. ಹೆಸರು ಬರಂಗಿಲ್ಲ.”

“ಮತ್ತೆ ಈ ಜರಡಿ?”

“ಯಂತ್ರದ ಕಣ್ಣು ತಪ್ಪಿಸಬಹುದ್ರಿ. ಕೂಸಿನ ಬಾಯಿಗೆ ಹೋಗಬಾರದಲ್ರೀ? ಅದಕ್ಕ ಆ ಹಿಟ್ಟು ತುಂಬಿದ ಚೀಲ ತಗದಿಟ್ಟು ಸಾಣಿಸಿ ಕೊಡ್ತೀವಿ.”

ಇಲ್ಲಿ ಡಾಕ್ಟರು ನಾಚಬೇಕಿತ್ತು. ಅವರಿಗೆ ಬಂದದ್ದು ಕೋಪ. ಮೂವತ್ತು ದಿನದ ಸೊನ್ನೆ ಜರಡಿಯದೆಂದು ಗೊತ್ತಾದರೆ ಮುಂದಿನ ತಿಂಗಳು ಯಂತ್ರಕ್ಕೆ ಸಿಗಲಿದ್ದ ಪ್ರಶಸ್ತಿಯ ಗತಿ ಏನು? ಯಂತ್ರದ ಕುರುಡು ಸರಿಪಡಿಸಲು ಎರಡು ವಾರ ಬೇಕು. ಅದನ್ನು ಪ್ರಶಸ್ತಿಯ ನಂತರಕ್ಕೆ ಇಟ್ಟುಕೊಂಡರು. ಮಾಲೀಕ ಬಸವಂತಪ್ಪನಿಗೆ ಹೇಳಿ ಜರಡಿಗಳನ್ನು ಅಂದೇ ಕಸಿದುಕೊಂಡರು. ಹೆಸರಿನ ಫಲಕ ಮಾತ್ರ ಹಾಗೆಯೇ ಉಳಿಯಿತು. ಫಲಕದ ಜೊತೆ ಅದರ ಭಯವೂ ಉಳಿಯಿತು.

ಹತ್ತು ದಿನ ಕಳೆದ ಮೇಲೆ ಈ ಸರಿ ಉಂಡ ಕೊಪ್ಪಳದ ಎಂಟು ತಿಂಗಳ ಕೂಸೊಂದರ ಗಂಟಲಿನಿಂದ ವೈದ್ಯರು ಹಸಿರು ಗಾಜಿನ ಚೂರು ತೆಗೆದರು. ಕೂಸು ಬದುಕಿತು, ದನಿ ಬರುತ್ತದೆಯೋ ಇಲ್ಲವೋ ಯಾರೂ ಹೇಳಲಾರರು. ಆಹಾರ ಸುರಕ್ಷತಾ ಅಧಿಕಾರಿ ಆ ಚೂರನ್ನು ತಂದು ಬೆಳಕಿನ ಕೆಳಗಿಟ್ಟರು. ಫಲಕದಲ್ಲಿ ಕೆಂಪಗೆ ಮೂಡಿತು: ‘ರೇಣವ್ವ’.

ರೇಣವ್ವ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದಳು.

“ಬಳಿ ಒಡೀತ್ರಿ. ಹಿಟ್ಟು ಸುರದ್ವಿ,” ಎಂದಳು ಫಕ್ಕೀರವ್ವ. “ಆಮ್ಯಾಲೆ ಕೈಯಾಡ್ಸಿ ಆರಿಸಿದ್ವಿ. ಜರಡಿ ನೀವು ಕಸಗೊಂಡಿದ್ರೆಲ್ರೀ.” ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಡಾಕ್ಟರಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

“ಪೊಲೀಸರಿಗೆ ಇಕಿ ಹೆಸರು ಕೊಟ್ಟುಬಿಡ್ರಿ,” ಎಂದ ಬಸವಂತಪ್ಪ.

“ತಪ್ಪು ನನ್ನದು. ಯಂತ್ರ ಕುರುಡು ಎಂದು ನನಗೆ ಗೊತ್ತಿತ್ತು,” ಎಂದರು ಡಾಕ್ಟರು.

ಅಧಿಕಾರಿ ಕಡತ ತಿರುವಿದರು. “ಯಂತ್ರದ ಎದುರು ಮನುಷ್ಯರ ಸಾಕ್ಷಿ ನಡೆಯಂಗಿಲ್ಲ ಅಂತ ಇಲ್ಲಿ ಬರದೈತ್ರಿ. ಕೆಳಗ ಸಹಿ ನಿಮ್ದ.”

ಮಾಡಿದ್ದುಣ್ಣೋ ಮಹಾರಾಯ. ರೇಣವ್ವನನ್ನು ಉಳಿಸಬೇಕಾದರೆ ಯಂತ್ರವೇ ಸಾಕ್ಷಿ ಹೇಳಬೇಕು; ಹನ್ನೆರಡು ವರ್ಷ ಸಾಕಿದ ಅದರ ಮಾನವನ್ನು ತಾನೇ ಕಳೆಯಬೇಕು. ಹಂಪಿಹೊಳಿ ಬೆರಳಿನ ಉಂಗುರ ಕಳಚಿ ಬಾಗಿಲಲ್ಲಿ ಅದರ ಗುರುತು ದಾಖಲಿಸಿದರು. ಪಟ್ಟಿಯ ಮೇಲೆ ಅದನ್ನಿಟ್ಟು ನಾಲ್ಕು ಬೊಗಸೆ ಹಿಟ್ಟು ಸುರಿದರು. ಹಿಟ್ಟಿನ ಗುಪ್ಪೆ ಬೆಳಕಿನ ಕೆಳಗೆ ಹಾದು ಆಚೆ ಬಂತು. ಫಲಕದಲ್ಲಿ ಹಸಿರು ಸೊನ್ನೆ.

ಅಧಿಕಾರಿ ಗುಪ್ಪೆ ಕೆದರಿ ಉಂಗುರ ಎತ್ತಿ ನೋಡಿದರು. “ಈ ಸೊನ್ನಿ ನಂಬಿ ಎಷ್ಟು ಡಬ್ಬಿ ಹೊರಗ ಹೋಗ್ಯಾವ್ರಿ?”

“ಇವರು ಸಾಣಿಸಿದ ಮೂವತ್ತು ದಿನದ ಹಿಟ್ಟು ಶುದ್ಧವಾಗಿದೆ. ನಾನು ಜರಡಿ ಕಸಿದ ಮೇಲಿನ ಹತ್ತು ದಿನದ್ದೆಲ್ಲ ವಾಪಸ್ ತರಿಸಿ. ಆಪಾದಿತರ ಜಾಗದಲ್ಲಿ ನನ್ನ ಹೆಸರು ಬರೆದುಕೊಳ್ಳಿ.”

ಅಧಿಕಾರಿ ಬರೆದುಕೊಂಡರು. ಹೆಂಗಸರು ರೇಣವ್ವನನ್ನು ಎಬ್ಬಿಸಿ ಹೊರಗೆ ಕರೆದೊಯ್ದರು. ಡಾಕ್ಟರ ಮನಸ್ಸು ಹಗುರಾಗಲಿಲ್ಲ. ಫಲಕದಲ್ಲಿ ಇನ್ನೂ ಆ ಸೊನ್ನೆಯೇ ಇತ್ತು. ಡಬ್ಬಿಯ ಮೇಲೆ ಅಚ್ಚಾಗಿದ್ದ ಅದನ್ನು ಓದಿಕೊಂಡೇ ಕೊಪ್ಪಳದ ಆ ತಾಯಿ ಕೂಸಿನ ಬಾಯಿಗೆ ಚಮಚ ಇಟ್ಟಿದ್ದಳು.