ರೆಕ್ಕೆಯ ಬುಡದ ಹೊಳಪು

ಸೀಮೆಎಣ್ಣೆಯ ವಾಸನೆ ಎಂದರೆ ತನಿಖೆಗೆ ಬಂದ ಮೇಡಂಗೆ ಬಾಲ್ಯವೇ: ಅಮ್ಮ ಹೊಲಿಗೆ ಯಂತ್ರದ ಜಿಡ್ಡು ಬಿಡಿಸುತ್ತಿದ್ದ ಮಧ್ಯಾಹ್ನಗಳು. ವಿಮಾನದ ಷೆಡ್ಡಿನಲ್ಲೂ ಅಂಥದೇ ವಾಸನೆ. ಆದರೆ ಮನಸ್ಸು ಹಗುರಾಗಲಿಲ್ಲ.

ಹಳೆಯ ವಿಮಾನವೊಂದರ ರೆಕ್ಕೆಯ ಬುಡದಲ್ಲಿ, ಭಾರವೆಲ್ಲ ಹೊರುವ ಅಲ್ಯೂಮಿನಿಯಂ ಪಟ್ಟಿಯಲ್ಲಿ, ಬೆರಳುದ್ದದ ಬಿರುಕು! ಬೆಳಿಗ್ಗೆ ವಿದ್ಯುತ್ ಉಪಕರಣದಿಂದ ಮರುಪರೀಕ್ಷೆ ಮಾಡಿದಾಗ ಸಿಕ್ಕಿತ್ತು. ಹೋದ ವಾರವಷ್ಟೇ ಅದಕ್ಕೆ, ಬಿರುಕಿದ್ದರೆ ಒಳಗಿಳಿದು ಗೆರೆಯಾಗಿ ಕಾಣುವ ಕೆಂಪು ಬಣ್ಣ ಹಚ್ಚಿ ನೋಡಿ, ಬಿರುಕಿಲ್ಲವೆಂದು ಸಹಿ ಹಾಕಿದ್ದವಳು ತುಂಬು ಬಸುರಿ ಪರೀಕ್ಷಕಿ. ಒಂದು ವಾರದಲ್ಲಿ ಬಿರುಕು ಅಷ್ಟು ಬೆಳೆಯುವುದಿಲ್ಲ. ಹಾಗಾದರೆ ಅವಳು ನೋಡಲೇ ಇಲ್ಲವೇ?

ಅವಳ ಪರವಾನಗಿ ಹೋದಂತೆಯೇ ಎಂದು ಮೇಲ್ವಿಚಾರಕ ಆಗಲೇ ಹೇಳಿಯಾಗಿತ್ತು. ತಾನು ಅವಸರ ಮಾಡಿದ್ದು ನಿಜ, ಕಣ್ಣು ಮುಚ್ಚಿಕೊಂಡು ಸಹಿ ಹಾಕು ಎಂದಿರಲಿಲ್ಲ ಎಂದು ಅವನ ವಾದ.

"ಬಣ್ಣ ಹಚ್ಚಿದ್ಯಾ ಮಗಳೇ?" ಮೇಡಂ ಪರೀಕ್ಷಕಿಯನ್ನು ಕೇಳಿದರು.

"ಹಚ್ಚಿದೆ ಮೇಡಂ. ಒರೆಸಿ, ಬಿಳಿ ಪುಡಿ ಹಾಕಿ ನೋಡಿದೆ. ಕೆಂಪು ಗೆರೆ ಏಳ್ಲೇ ಇಲ್ಲ."

"ಬಣ್ಣ ಇಳಿಯೋವರೆಗೂ ಕಾದ್ಯಾ?"

"ಕಾದೆ. ಮಾವ ಸ್ಟೂಲ್ ಹಾಕ್ಕೊಟ್ಟಿದ್ರು."

ಮಾವ ಎಂದರೆ ಹಿರಿಯ ಮೆಕ್ಯಾನಿಕ್, ಷೆಡ್ಡಿಗೆಲ್ಲ ಮಾವ.

ಮೇಡಂ ಏಣಿ ಹತ್ತಿ ಟಾರ್ಚ್ ಬಿಟ್ಟರು. ಸುತ್ತಲ ಲೋಹವೆಲ್ಲ ಮಂಕು ಬೂದಿ. ಆ ಪಟ್ಟಿ ಮಾತ್ರ ಬೆಳಗಿಟ್ಟ ಪಾತ್ರೆಯ ಹಾಗೆ ಫಳಫಳ.

"ಇದನ್ನ ಉಜ್ಜಿದ್ದು ಯಾರು?"

"ನಾನೇ," ಎಂದರು ಮಾವ. "ಹಳೇ ಪೇಂಟು ಕಚ್ಕೊಂಡಿತ್ತು. ಪೇಂಟು ಕರಗಿಸೋ ಔಷಧಿ ಹಾಕಿ ತೆಗೆದ್ರೆ ಆ ಘಾಟು ಬಸುರಿ ಹುಡುಗಿಗೆ ಆಗುತ್ತಾ? ಎಮರಿ ಪೇಪರಲ್ಲಿ ಉಜ್ಜಿಕೊಟ್ಟೆ."

"ಬೇರೆ ಯಾವ ವಿಮಾನಕ್ಕೆ ಹೀಗೆ ಮಾಡಿದ್ದೀರಿ?"

ಮಾವ ಬಾಗಿಲಾಚೆ ಕೈ ತೋರಿಸಿದರು. ಅಲ್ಲಿ ಪ್ರಯಾಣಿಕರು ವಿಮಾನ ಹತ್ತುತ್ತಿದ್ದರು.

"ನಿಲ್ಲಿಸಿ," ಎಂದರು ಮೇಡಂ. ಮೇಲ್ವಿಚಾರಕ ಫೋನಿನತ್ತ ಓಡಿದ. ಹತ್ತಿದವರು ಒಬ್ಬೊಬ್ಬರಾಗಿ ಇಳಿದು ಮುಗಿಯುವವರೆಗೆ ಮೇಡಂ ಷೆಡ್ಡಿನ ಬಾಗಿಲಲ್ಲೇ ನಿಂತು ನೋಡಿದರು.

ಆಮೇಲೆ ಮೇಡಂ ಬಿಡಿಸಿ ಹೇಳಿದರು. ಅಲ್ಯೂಮಿನಿಯಂ ಮೆತ್ತಗಿನ ಲೋಹ; ಉಜ್ಜಿದರೆ ಮೇಲ್ಪದರ ಹರಡಿಕೊಂಡು ಬಿರುಕಿನ ಬಾಯಿ ಮುಚ್ಚಿಬಿಡುತ್ತದೆ. ಬಾಯಿ ಮುಚ್ಚಿದ ಮೇಲೆ ಬಣ್ಣ ಒಳಗಿಳಿಯುವುದೆಲ್ಲಿ? ಬೆಳಿಗ್ಗೆಯ ಉಪಕರಣದ ವಿದ್ಯುತ್ತಿಗಾದರೆ ಆ ತಡೆಯಿಲ್ಲ, ಬಾಯಿ ಮುಚ್ಚಿದ ಬಿರುಕನ್ನೂ ಅದು ಹಿಡಿಯುತ್ತದೆ.

"ಬಿರುಕು ಬಚ್ಚಿಟ್ಟಿದ್ದು ನಿಮ್ಮ ಕೈ, ಮಾವ. ಒಳ್ಳೇ ಮನಸ್ಸಿಂದಾನೇ." ಪರೀಕ್ಷಕಿಯತ್ತ ತಿರುಗಿದರು. "ಆ ಹೊಳಪು ಕಂಡಾಗ ನೀನು ಕೇಳ್ಬೇಕಿತ್ತು. ಅದು ತಪ್ಪು. ಪರವಾನಗಿ ಕಳ್ಕೊಳ್ಳೋವಂಥ ತಪ್ಪಲ್ಲ."

ಮಾವ ಸಾಮಾನಿನ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಊಟದ ಹೊತ್ತಾದರೂ ಯಾರೂ ಅವರ ಹತ್ತಿರ ಸುಳಿಯಲಿಲ್ಲ. ಪರೀಕ್ಷಕಿ ಸೊಂಟ ಹಿಡಿದುಕೊಂಡು ನಿಧಾನವಾಗಿ ಬಂದಳು. ತನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಅವರ ಕೈಗಿಟ್ಟಳು.