ಗಿಣಿ ಮನೆ ತೋರಿಸಿದ್ದು

“ಬಾಗಿಲ ಮೇಲಿನ ಚೀಟಿ ಕಿತ್ತೆಯಾ?” ಅಮ್ಮ ಅಡುಗೆಮನೆಯಿಂದ ಕೇಳಿದಳು.

“ಕಿತ್ತೆ.”

“ಬಾಗಿಲ ಹತ್ತಿರದ ಹಾಸಿಗೆ?”

“ಸುತ್ತಿ ಮಂಚದ ಕೆಳಗೆ ತಳ್ಳಿದೆ.”

“ಇನ್ನು ನಿನ್ನ ಬಾಯಿ?”

“ಅದಕ್ಕೂ ಬೀಗ ಹಾಕಿದೀನಮ್ಮ.”

ಅಮ್ಮ ನಕ್ಕಳು, ಆದರೆ ಅರ್ಧ ಮಾತ್ರ. ಹುಡುಗಿಗೆ ಇಟ್ಟ ಹೆಸರು ಶಾಲೆಯ ಹಾಜರಿ ಪುಸ್ತಕಕ್ಕಷ್ಟೇ. ಮನೆಯಲ್ಲಿ ಅವಳು ಗಿಣಿ. ಬೆಳಗ್ಗೆ ಹಲ್ಲುಜ್ಜುವಾಗ ಶುರುವಾದ ಮಾತು ದಿಂಬಿಗೆ ತಲೆ ಕೊಡುವ ತನಕ ನಿಲ್ಲುತ್ತಿರಲಿಲ್ಲ. ಅಂಥವಳು ಒಂದು ಗಂಟೆ ಸುಮ್ಮನಿರುವುದೆಂದರೆ ಸಣ್ಣ ಮಾತಲ್ಲ.

ಇವತ್ತು ತಮ್ಮನನ್ನು ನೋಡಲು ವಿಶೇಷ ಮಕ್ಕಳ ಕೇಂದ್ರದ ಮೇಡಂ ಮನೆಗೇ ಬರುವವರಿದ್ದರು.

ತಮ್ಮನಿಗೆ ಆರು ವರ್ಷ. ಅವನಿಗೆ ಆಟಿಸಂ ಇದೆ ಎಂದು ಡಾಕ್ಟರ್ ಹೇಳಿ ಮೂರು ವರ್ಷವಾಗಿತ್ತು. ಅವನು ಮಾತಾಡುವುದು ಕಡಿಮೆ. ಬಾಟಲಿ ಮುಚ್ಚಳಗಳನ್ನು ಬಣ್ಣ ನೋಡಿ ಸಾಲಾಗಿ ಜೋಡಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಜೋರು ಸದ್ದಾದರೆ ಅವನಿಗೆ ಜೀವ ಹೋದ ಹಾಗಾಗುತ್ತಿತ್ತು. ಎರಡೂ ಕಿವಿ ಮುಚ್ಚಿಕೊಂಡು ಕಿರುಚಿ ಕಿರುಚಿ ಸುಸ್ತಾಗಿಬಿಡುತ್ತಿದ್ದ.

ಕೇಂದ್ರದ ವಿಷಯ ಗೊತ್ತಾದದ್ದು ಬೀದಿಯ ಕೊನೆಯಲ್ಲಿದ್ದ ಟೈಲರ್ ಆಂಟಿಯಿಂದ. ತಮ್ಮನ ಅಂಗಿಗಳ ಕತ್ತಿನ ಲೇಬಲ್ ಬಿಚ್ಚಿಸಲು ಗಿಣಿ ಅಲ್ಲಿಗೆ ಹೋಗುತ್ತಿದ್ದಳು. “ಲೇಬಲ್ ಚುಚ್ಚುತ್ತೆ ಅಂತ ಇನ್ನೊಂದು ಮನೆಯಿಂದಲೂ ಅಂಗಿ ಬರುತ್ತೆ ಕಣೇ,” ಅಂದಿದ್ದರು ಆಂಟಿ ಒಂದು ದಿನ. “ಆ ಹುಡುಗ ಶನಿವಾರ ಶನಿವಾರ ಎಲ್ಲಿಗೋ ಹೋಗ್ತಾನಂತೆ. ತಾಳು, ಕೇಳಿ ಹೇಳ್ತೀನಿ.” ಮುಂದಿನ ಸಲ ಅಂಗಿಯ ಜೇಬಿನಲ್ಲಿ ಕೇಂದ್ರದ ಫೋನ್ ನಂಬರ್ ಇಟ್ಟು ಕಳಿಸಿದ್ದರು. ತಮ್ಮದೇ ಥರದ ಮನೆ ಇನ್ನೊಂದಿದೆ ಎಂಬುದೇ ಗಿಣಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವತ್ತು ಅವಳಿಗೆ ಬಹಳ ಖುಷಿಯಾಗಿತ್ತು.

ಕೇಂದ್ರದಲ್ಲಿ ಶನಿವಾರ ಹತ್ತರಿಂದ ಹನ್ನೆರಡರವರೆಗೆ ಇಂಥ ಮಕ್ಕಳಿಗೆ ಆಟ, ಪಾಠ, ನೋಡಿಕೊಳ್ಳಲು ಕಲಿತ ಜನ. ಖಾಲಿ ಇದ್ದದ್ದು ಒಂದೇ ಜಾಗ. ಅದು ಸಿಕ್ಕರೆ ಅಮ್ಮನಿಗೆ ವಾರಕ್ಕೆ ಎರಡು ಗಂಟೆ ಬಿಡುವು.

ಆ ಎರಡು ಗಂಟೆಯ ಮೇಲೆ ಗಿಣಿಗೂ ಕಣ್ಣಿತ್ತು. ಶಾಲೆಯ ರಿಲೇ ತಂಡದಲ್ಲಿ ಕೊನೆಗೆ ಓಡುವವಳು ಅವಳೇ. ಓಟಗಳೆಲ್ಲ ಇರುವುದು ಶನಿವಾರ. ಮೈದಾನದಲ್ಲಿ ವಿಷಲ್ಲು, ಡ್ರಮ್ಮು, ಮೈಕು. ತಮ್ಮನನ್ನು ಕರೆತರುವ ಹಾಗಿಲ್ಲ, ಬಿಟ್ಟು ಬರುವ ಹಾಗೂ ಇಲ್ಲ. ಅಪ್ಪನಿಗೆ ಬಸ್ ಡಿಪೋದಲ್ಲಿ ಶನಿವಾರವೂ ಕೆಲಸ. ಹಾಗಾಗಿ ಎರಡು ವರ್ಷದಲ್ಲಿ ಅಮ್ಮ ಅವಳು ಓಡುವುದನ್ನು ಒಂದು ಸಲವೂ ನೋಡಿರಲಿಲ್ಲ.

“ಎರಡು ಸ್ಕೂಲಿನವರು ಏನಂದ್ರು, ನೆನಪಿದೆ ತಾನೇ?” ಅಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. “ಈ ಹುಡುಗನನ್ನ ನಮ್ಮ ಕೈಲಿ ನೋಡ್ಕೊಳ್ಳೋಕಾಗಲ್ಲ ಅಂದ್ರು. ಇಲ್ಲೂ ಹಾಗಾಗೋದು ಬೇಡ. ಇವನಿಂದ ಏನೂ ತೊಂದರೆ ಇಲ್ಲ ಅನ್ನಿಸಬೇಕು. ತಮ್ಮನ ಬಗ್ಗೆ ನೀನು ಒಂದಕ್ಷರ ಹೇಳಕೂಡದು. ಮಾತು ಕೊಡು.”

ಗಿಣಿ ಮಾತು ಕೊಟ್ಟಳು. ಆಮೇಲೆ ಕಿಟಕಿ ಹತ್ತಿರ ಕಾವಲು ನಿಂತಳು. ದೊಡ್ಡ ಚೀಲ ಹಿಡಿದ ಹೆಂಗಸೊಬ್ಬರು ಗೇಟು ತೆಗೆದಿದ್ದೇ ತಡ, ಓಡಿಹೋಗಿ ಬಾಗಿಲು ತೆರೆದಳು.

“ಅರೆ, ನಾನಿನ್ನೂ ಬೆಲ್ ಒತ್ತೇ ಇಲ್ಲ,” ಅಂದರು ಮೇಡಂ.

ಗಿಣಿ ಹಲ್ಲು ಕಿರಿದಳು. ಅಷ್ಟೇ.

ಮೇಡಂ ಕುರ್ಚಿಯಲ್ಲಿ ಕೂರದೆ, ತಮ್ಮನಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತರು. ಅವನನ್ನು ಮಾತಾಡಿಸಲು ಹೋಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಎದ್ದುಬಂದು, ಅವರ ಕೈಯಲ್ಲಿದ್ದ ಕೆಂಪು ಪೆನ್ನು ತೆಗೆದುಕೊಂಡು ಕೆಂಪು ಮುಚ್ಚಳಗಳ ಸಾಲಿನ ಕೊನೆಗೆ ಇಟ್ಟ.

“ಸರಿಯಾದ ಜಾಗ,” ಅಂದರು ಮೇಡಂ, ಚೀಲದಿಂದ ಇನ್ನೊಂದು ಪೆನ್ನು ತೆಗೆಯುತ್ತ. ಗಿಣಿಗೆ ಅವರು ಆಗಲೇ ಇಷ್ಟವಾಗಿಬಿಟ್ಟರು.

ಪ್ರಶ್ನೆ ಶುರುವಾಯಿತು.

“ಸದ್ದಿಗೆ ಹೆದರ್ತಾನಾ?”

“ಅಷ್ಟೇನಿಲ್ಲ,” ಅಂದಳು ಅಮ್ಮ.

“ಊಟ?”

“ಮಾಡ್ತಾನೆ, ಪಾಪ.”

“ಮನೆಯಿಂದ ಹೊರಗೆ ಓಡೋದು ಏನಾದ್ರೂ?”

“ಛೆ, ಇಲ್ಲಪ್ಪ.”

ಒಂದೊಂದು ಉತ್ತರಕ್ಕೂ ಮೇಡಂ ಹಾಳೆಯಲ್ಲಿ ರೈಟ್ ಹಾಕುತ್ತ ಹೋದರು. ಎದುರಿಗೆ ಕೂತಿದ್ದ ಗಿಣಿಗೆ ಹಾಳೆ ತಲೆಕೆಳಗಾಗಿ ಕಾಣುತ್ತಿತ್ತು. ಆದರೆ ತಲೆಕೆಳಗಾದ ಅಕ್ಷರ ಓದುವುದರಲ್ಲಿ ಅವಳದು ಪಳಗಿದ ಕಣ್ಣು. ಟೀಚರ್ ಮೇಜಿನ ಮೇಲಿನ ಮಾರ್ಕ್ಸ್ ಲಿಸ್ಟ್ ಕದ್ದು ನೋಡಿ ನೋಡಿ ಬಂದ ವಿದ್ಯೆ ಅದು. ಹಾಳೆಯ ಮೇಲ್ಗಡೆ ‘ಈ ಮನೆಗೆ ಎಷ್ಟು ಸಹಾಯ ಬೇಕು?’ ಎಂದಿತ್ತು. ರೈಟ್ ಗುರುತುಗಳೆಲ್ಲ ಬಿದ್ದದ್ದು ‘ಬೇಡ’ ಎಂಬ ಸಾಲಿನಲ್ಲಿ. ಕೆಳಗೆ ಇನ್ನೊಂದು ಮಾತಿತ್ತು: ‘ಹೆಚ್ಚು ಸಹಾಯ ಬೇಕಾದ ಮನೆಗೆ ಮೊದಲು ಜಾಗ.’

ಅಮ್ಮ ಎಲ್ಲವನ್ನೂ ಉಲ್ಟಾ ಮಾಡುತ್ತಿದ್ದಾಳೆ. ಸ್ಕೂಲ್ ಇಂಟರ್‌ವ್ಯೂ ಅಂದುಕೊಂಡು ಒಳ್ಳೊಳ್ಳೆಯದನ್ನೇ ಹೇಳುತ್ತಿದ್ದಾಳೆ. ಇನ್ನೆರಡು ಪ್ರಶ್ನೆ ಮುಗಿದರೆ ಶನಿವಾರ ಕೈ ತಪ್ಪಿದಂತೆಯೇ. ಆದರೆ ಮಾತು ಕೊಟ್ಟಾಗಿದೆ, ತಮ್ಮನ ಬಗ್ಗೆ ಒಂದಕ್ಷರ ಹೇಳುವಂತಿಲ್ಲ.

ಗಿಣಿ ಥಟ್ಟನೆ ಎದ್ದು ನಿಂತಳು. “ಮೇಡಂ, ನಮ್ಮ ಮನೆ ತೋರಿಸ್ಲಾ?”

“ಗಿಣಿ,” ಎಂದು ಅಮ್ಮ ಕಣ್ಣಲ್ಲೇ ಗದರಿದಳು.

“ಬರೀ ಮನೆ ಅಮ್ಮ. ಬೇರೆ ಯಾರ ಬಗ್ಗೆನೂ ಅಲ್ಲ.”

ಮೇಡಂ ಮೊಣಕಾಲು ಹಿಡಿದುಕೊಂಡು ಎದ್ದರು. “ತೋರಿಸು, ನೋಡೋಣ.”

ಗಿಣಿ ಮೊದಲು ಅವರನ್ನು ಹೊರಬಾಗಿಲಿಗೆ ಕರೆದೊಯ್ದಳು. “ಇದು ಬೆಲ್. ಒತ್ತಿ.” ಮೇಡಂ ಒತ್ತಿದರು. ಸದ್ದೇ ಇಲ್ಲ. “ವೈರು ಕಿತ್ತು ಮೂರು ವರ್ಷ ಆಯ್ತು. ಇದು ಇಲ್ಲಿ ಅಂಟಿಸಿದ್ದ ಚೀಟಿ,” ಎಂದು ಜೇಬಿನಿಂದ ಮುದುಡಿದ ಕಾಗದ ತೆಗೆದಳು. ‘ದಯವಿಟ್ಟು ಬೆರಳಿನಿಂದ ಮೆಲ್ಲಗೆ ತಟ್ಟಿ’ ಎಂದು ಅದರಲ್ಲಿ ಬರೆದಿತ್ತು.

“ಇದು ಸ್ಟೋರ್ ರೂಮ್. ಮಿಕ್ಸಿ ಇರೋದು ಇಲ್ಲೇ. ಒಬ್ಬರು ಟೆರೇಸಿಗೆ ಹೋದಾಗ ಮಾತ್ರ, ಬಾಗಿಲು ಹಾಕ್ಕೊಂಡು, ಬೇಗ ಬೇಗ ರುಬ್ಬೋದು.”

“ಒಬ್ಬರು ಅಂದ್ರೆ ಯಾರು?”

“ನಾನು ಮನೆ ಬಗ್ಗೆ ಮಾತ್ರ ಹೇಳೋದು ಮೇಡಂ.”

ಮೇಡಂ ತುಟಿ ಕಚ್ಚಿ ನಗು ತಡೆದುಕೊಂಡರು. “ಆಯ್ತು. ಮುಂದೆ?”

ಅಡುಗೆಮನೆಯಲ್ಲಿ ಒಂದೇ ಥರದ ಆರು ನೀಲಿ ತಟ್ಟೆಗಳಿದ್ದವು. “ಒಂದು ಬಿರುಕು ಬಿಟ್ರೆ ಇನ್ನೊಂದು ಬೇಕಲ್ಲ. ಬೇರೆ ತಟ್ಟೆ ಆದ್ರೆ ಊಟ ಬಂದ್. ಅಪ್ಪ ಊರೆಲ್ಲ ಸುತ್ತಿ ತಂದಿದ್ದು.” ಆಮೇಲೆ ಕೋಣೆಗೆ ಬಂದು ಬಗ್ಗಿ, ಮಂಚದ ಕೆಳಗಿಂದ ಸುರುಳಿ ಸುತ್ತಿದ ಹಾಸಿಗೆ ಎಳೆದಳು. “ಇದು ಅಮ್ಮಂದು. ಮುಂಬಾಗಿಲಿಗೆ ಅಡ್ಡ ಹಾಸೋದು. ಯಾರೂ ಚಿಲಕ ತೆಗೆದು ಆಚೆ ಓಡಬಾರದಲ್ಲ, ಅದಕ್ಕೆ.”

ಮೇಡಂ ಈಗ ನಗಲಿಲ್ಲ. “ಎಷ್ಟು ದಿನದಿಂದ ಅಲ್ಲಿ ಮಲಗ್ತಾರೆ?”

“ನಾನು ಎರಡನೇ ಕ್ಲಾಸಲ್ಲಿದ್ದಾಗಿಂದ. ಈಗ ಐದು.”

ಹಾಗೆ ಹೇಳುವಾಗ ಗಿಣಿಗೇ ಒಂಥರಾ ಆಯಿತು. ಇಷ್ಟು ದಿನ ಅವಳು ಆ ಹಾಸಿಗೆಯನ್ನು ಬೆಳಗ್ಗೆ ದಾಟಿಕೊಂಡು ಹೋಗುತ್ತಿದ್ದಳೇ ಹೊರತು, ಅದರ ಬಗ್ಗೆ ಯೋಚಿಸಿರಲಿಲ್ಲ.

ವಾಪಸು ಬಂದ ಮೇಡಂ ಹಳೆಯ ಹಾಳೆಯ ಮೇಲೆ ಗೀಟು ಎಳೆದು, ಹೊಸದು ತೆಗೆದರು. “ಇದನ್ನೆಲ್ಲ ನೀವೊಬ್ಬರೇ ಮಾಡ್ತಿದ್ದೀರಾ?”

“ಇದನ್ನೆಲ್ಲ ಅಂದ್ರೆ, ಯಾವುದನ್ನ?” ಅಮ್ಮನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

“ನೋಡಿಮ್ಮ, ಸ್ಕೂಲಿನವರು ಯಾವ ಮಗು ಸುಲಭ ಅಂತ ನೋಡ್ತಾರೆ. ನಾವು ನೋಡೋದು ಯಾವ ಮನೆಯಲ್ಲಿ ಕೈ ಸಾಲ್ತಿಲ್ಲ ಅಂತ. ನಿಮ್ಮ ಮಗನನ್ನ ಬೇಡ ಅನ್ನೋಕೆ ನಾನು ಬಂದಿಲ್ಲ. ಮೊದಲಿಂದ ಹೇಳಿ. ಸದ್ದಿಗೆ ಹೆದರ್ತಾನಾ?”

ಅಮ್ಮ ಗಿಣಿಯನ್ನು ನೋಡಿದಳು, ತಮ್ಮನನ್ನು ನೋಡಿದಳು.

“ತುಂಬಾ,” ಅಂದಳು.

ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಅಮ್ಮನ ಕಣ್ಣು ತುಂಬಿತ್ತು. ಆದರೆ ಮಾತು ಸರಾಗವಾಗಿ ಬರುತ್ತಿತ್ತು, ಬಹಳ ದಿನದಿಂದ ಹೇಳಬೇಕು ಅಂದುಕೊಂಡಿದ್ದವಳ ಹಾಗೆ. ತನ್ನ ಈ ಬಾಯಿ ಎಲ್ಲಿಂದ ಬಂತೆಂದು ಗಿಣಿಗೆ ಅವತ್ತು ಗೊತ್ತಾಯಿತು.

ಮೇಡಂ ಹೋದ ಮೇಲೆ ಅಮ್ಮ ಅವಳ ಕಿವಿ ಹಿಡಿದಳು. “ಮಾತು ಕೊಟ್ಟಿದ್ದೆ ಅಲ್ವಾ?”

“ತಮ್ಮನ ಹೆಸರಾದ್ರೂ ಎತ್ತಿದೆನಾ ನಾನು?”

“ಲಾಯರ್ ಆಗ್ತೀಯ ಬಿಡು,” ಎಂದು ಅಮ್ಮ ಕಿವಿ ಬಿಟ್ಟು ಅವಳನ್ನು ಬರಸೆಳೆದುಕೊಂಡಳು.

ಹನ್ನೊಂದು ದಿನಕ್ಕೆ ಕೇಂದ್ರದಿಂದ ಪತ್ರ ಬಂತು. ಜಾಗ ಸಿಕ್ಕಿತ್ತು.

ಮೊದಲ ಎರಡು ಶನಿವಾರ ಅಮ್ಮ ಕೇಂದ್ರದ ವರಾಂಡದಲ್ಲೇ ಬೇರು ಬಿಟ್ಟು ಕೂತಳು. ಮೂರನೆಯ ಶನಿವಾರ ಮೇಡಂ, “ನೀವಿಲ್ಲಿ ಕೂತು ಏನು ಕಾಯ್ತಿದ್ದೀರಿ? ಹೋಗಿಬನ್ನಿ,” ಎಂದು ಎಬ್ಬಿಸಿ ಕಳಿಸಿದರು. ತಮ್ಮ ಮುಚ್ಚಳದ ಡಬ್ಬಿ ಕಂಕುಳಲ್ಲಿ ಅವುಚಿಕೊಂಡು, ಹಿಂದಕ್ಕೂ ನೋಡದೆ ಒಳಗೆ ಹೋಗಿದ್ದ.

ಗಿಣಿ ಮೈದಾನದಲ್ಲಿ ತಂಡದ ಸರದಿಗೆ ಕಾಯುತ್ತ ನಿಂತಿದ್ದಾಗ ಅಮ್ಮ ಬಂದು ಮೈದಾನದ ಅಂಚಿನ ಮೂರನೇ ಮೆಟ್ಟಿಲ ಮೇಲೆ ಕೂತದ್ದು ಕಾಣಿಸಿತು. ಗಿಣಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ರಿಲೇ ಕೋಲು ಕೈಗೆ ಬಂದದ್ದೇ ಬಿದ್ದೆನೋ ಎದ್ದೆನೋ ಎಂದು ಓಡಿದಳು. ನಾಲ್ಕನೆಯದಾಗಿದ್ದ ಅವರ ತಂಡ ಎರಡನೆಯದಾಯಿತು. ಏದುಸಿರು ಬಿಡುತ್ತ ತಿರುಗಿ ಮೆಟ್ಟಿಲ ಕಡೆ ನೋಡಿದಳು.

ಅಮ್ಮ ಗೋಡೆಗೆ ತಲೆ ಆನಿಸಿ ನಿದ್ದೆ ಮಾಡುತ್ತಿದ್ದಳು.

ಎರಡು ವರ್ಷ ಕಾದದ್ದು ಇದಕ್ಕಾ ಎಂದು ಗಿಣಿಗೆ ಸಿಟ್ಟು ಬಂತು. ದಾಪುಗಾಲು ಹಾಕುತ್ತ ಮೆಟ್ಟಿಲು ಹತ್ತಿದಳು. ಹತ್ತಿರ ಹೋದವಳು ಹಾಗೇ ನಿಂತಳು. ಮನೆಯಲ್ಲಿ ಚಮಚ ಬಿದ್ದರೂ ಅಮ್ಮನಿಗೆ ಎಚ್ಚರವಾಗುತ್ತದೆ. ಇಲ್ಲಿ ತಲೆಯ ಮೇಲೆ ಮೈಕು ಅರಚುತ್ತಿತ್ತು, ಪಕ್ಕದಲ್ಲೇ ಡ್ರಮ್ಮು ಬಡಿಯುತ್ತಿದ್ದರು. ಅಮ್ಮ ಮಿಸುಕಲಿಲ್ಲ. ಬಾಯಿ ತುಸು ತೆರೆದಿತ್ತು, ಮುಖ ನಿರಾಳವಾಗಿತ್ತು.

ಗಿಣಿ ಪಕ್ಕದಲ್ಲಿ ಕೂತಳು. ಗೆಳತಿ ಕೂಗುತ್ತ ಬಂದಾಗ ಕೈಸನ್ನೆ ಮಾಡಿ ಕಳಿಸಿದಳು. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಅಮ್ಮನ ಭುಜ ಮುಟ್ಟಿದಳು.

“ಅಯ್ಯೋ, ನಿನ್ನ ಓಟ?”

“ಆಯ್ತು. ಸೆಕೆಂಡ್ ಬಂದ್ವಿ.”

ಅಮ್ಮನ ಮುಖ ಬಾಡಿತು. “ನಾನು ನೋಡಲೇ ಇಲ್ವಲ್ಲೇ.”

“ಮುಂದಿನ ಶನಿವಾರ ಇದೆಯಲ್ಲಮ್ಮ,” ಅಂದಳು ಗಿಣಿ.

ಅಂದ ಮೇಲೆಯೇ ಅವಳಿಗೆ ಹೊಳೆಯಿತು. ಮುಂದಿನ ಶನಿವಾರ ಇದೆ ಎಂಬ ಮಾತನ್ನು ಅವರ ಮನೆಯಲ್ಲಿ ಇದುವರೆಗೆ ಯಾರೂ ಆಡಿರಲಿಲ್ಲ. ಅಮ್ಮನ ಬ್ಯಾಗನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಇಬ್ಬರೂ ತಮ್ಮನನ್ನು ಕರೆತರಲು ನಿಧಾನವಾಗಿ ಹೊರಟರು.