ತಡವಾಗಿ ಬೀಳುವ ಹೆಜ್ಜೆ

ಮರದ ನೆಲಕ್ಕೆ ತೊಂಬತ್ತು ಸಾವಿರ. ಗೋಡೆಯಗಲದ ಎರಡು ಕನ್ನಡಿಗೆ ಇಪ್ಪತ್ತೆರಡು. ದೀಪಗಳಿಗೆ ಎಂಟು. ಸಂಗೀತ ಮಾಡಿಕೊಟ್ಟವನಿಗೆ ಹದಿನೈದು, ಅದರಲ್ಲಿ ಅರ್ಧ ಇನ್ನೂ ಕೊಟ್ಟಿಲ್ಲ. ಇನ್ನು ಎಂಟು ತಿಂಗಳ ಬಾಡಿಗೆ. ಅತ್ತೆ ತಮ್ಮ ಮಗಳ ನೃತ್ಯಶಾಲೆಯ ಖರ್ಚನ್ನು ಒಂದೊಂದೇ ಬೆರಳು ಮಡಚಿ ಹೇಳುತ್ತಾ ಬಂದರು. ಬೆರಳು ಮುಗಿದ ಮೇಲೆ ಆ ಮುಷ್ಟಿಯನ್ನೇ ಊಟದ ಮೇಜಿನ ಮೇಲಿಟ್ಟು ಸೊಸೆಯ ಮುಖ ನೋಡಿದರು.

"ಇಷ್ಟಕ್ಕೂ ಅಡ್ಡ ಇರೋದು ನಿನ್ನ ಒಂದು ಹಾಳೆ. ಬೆಳಗ್ಗೆಯಿಂದ ಅದನ್ನೇ ಮುಂದಿಟ್ಕೊಂಡು ಕೂತಿದೀಯ. ಮೂರು ಸಾಲು ಬರೆಯೋಕೆ ಏನಮ್ಮ ಕಷ್ಟ?"

"ಬರೆಯೋದು ಕಷ್ಟ ಅಲ್ಲ ಅತ್ತೆ. ಏನು ಬರೆಯೋದು ಅನ್ನೋದು ಕಷ್ಟ."

"ಚೆನ್ನಾಗಿತ್ತು ಅಂತ ಬರಿ. ಚೆನ್ನಾಗಿರಲಿಲ್ವಾ?"

"ತುಂಬಾ ಚೆನ್ನಾಗಿತ್ತು. ಅದೇ ತೊಂದರೆ."

ಸೊಸೆ ಕೆಲಸ ಮಾಡುತ್ತಿದ್ದದ್ದು ಆ ಪ್ರಾಂತ್ಯದ ನೃತ್ಯ ಸಂಸ್ಥೆಯಲ್ಲಿ. ಹೊಸ ಬಗೆಯ ನೃತ್ಯ ಕಟ್ಟುವ ಕಲಾವಿದರಿಗೆ ಸಂಸ್ಥೆ ಎರಡು ಕಂತಿನಲ್ಲಿ ಹಣ ಕೊಡುತ್ತಿತ್ತು. ಬದಲಿಗೆ ಕೇಳುತ್ತಿದ್ದದ್ದು ಒಂದನ್ನೇ. ಎಂದೂ ಕುಣಿಯದ ಹತ್ತು ಹನ್ನೆರಡು ಮಂದಿ ನೆರೆಹೊರೆಯವರನ್ನು ಸೇರಿಸಿಕೊಂಡು ಹತ್ತು ವಾರ ಕೆಲಸ ಮಾಡಬೇಕು, ಕೊನೆಯ ವಾರ ಕುಣಿಯುವವರೂ ಅವರೇ ಆಗಿರಬೇಕು. ಆ ದಿನ ಸಂಸ್ಥೆಯವರೊಬ್ಬರು ಹೋಗಿ ನೋಡಿ, ಕಂಡದ್ದನ್ನು ಬರೆದುಕೊಟ್ಟರೆ ಎರಡನೇ ಕಂತು. ನಾದಿನಿಯ ಶಾಲೆಗೆ ಹೋಗಬೇಕಾಗಿದ್ದ ಸಹೋದ್ಯೋಗಿ ಕಾಲು ಮುರಿದುಕೊಂಡು ಮಲಗಿದ್ದರು. "ನಿಮ್ಮ ನಾದಿನಿ ಅಂತ ಗೊತ್ತು. ನೀವು ಕಂಡದ್ದನ್ನಷ್ಟೇ ಬರೀರಿ, ತೀರ್ಮಾನ ನನಗೆ ಬಿಡಿ," ಎಂದು ನಿರ್ದೇಶಕಿ ಇವಳನ್ನೇ ಕಳಿಸಿದ್ದರು.

ಇವಳಿಗೆ ಒಂದು ಹೆಜ್ಜೆಯೂ ಬಾರದು. ಆದರೆ ಆರು ವರ್ಷದಿಂದ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತು ನೋಡಿದವಳು. ಹೊಸಬರ ಕಾಲು ಸಂಗೀತಕ್ಕಿಂತ ಚೂರು ಹಿಂದೆಯೇ ಇರುತ್ತದೆ. ಪಕ್ಕದವರನ್ನು ಕದ್ದು ನೋಡುತ್ತಾರೆ, ತಪ್ಪಿದರೆ ನಕ್ಕುಬಿಡುತ್ತಾರೆ, ತಿರುಗಿದ ಮೇಲೆ ಬಟ್ಟೆ ಸರಿಮಾಡಿಕೊಳ್ಳುತ್ತಾರೆ. ನಿನ್ನೆ ಕುಣಿದ ಹನ್ನೆರಡು ಮಂದಿ ಮಾಸಿದ ಮನೆಬಟ್ಟೆ ತೊಟ್ಟಿದ್ದರೇನೋ ನಿಜ, ಇಪ್ಪತ್ತನಾಲ್ಕು ಕಾಲುಗಳೂ ಒಂದೇ ಉಸಿರಿಗೆ ಎದ್ದವು! ಒಬ್ಬ ಮಾತ್ರ ಎಡವುತ್ತಿದ್ದ, ಅದೂ ಪ್ರತಿ ಸಲ ನಾಲ್ಕನೇ ಸುತ್ತಿನಲ್ಲಿ, ನೋಡಲು ಚೆಂದವಾಗಿ. ಬಸ್ ತೊಳೆಯುವ ಹೆಂಗಸರು, ದರ್ಜಿ, ಬೀಗ ರಿಪೇರಿಯವರು, ಹೀಗೆ ಮೊದಲ ತಿಂಗಳ ಹಾಜರಿ ಹಾಳೆಯಲ್ಲಿ ಇದ್ದ ನೆರೆಹೊರೆಯವರು ಯಾರೂ ಅಲ್ಲಿರಲಿಲ್ಲ.

ಅಷ್ಟರಲ್ಲಿ ನಾದಿನಿ ಬಂದಳು. ಹೆಗಲ ಚೀಲ ಇಳಿಸದೆ ಕುರ್ಚಿ ಎಳೆದುಕೊಂಡಳು.

"ಅತ್ತಿಗೆ, ಬರೆದ್ರಾ?"

"ನಿನ್ನೆ ಕುಣಿದವರು ನಿನ್ನ ಶಿಷ್ಯರು ತಾನೆ?"

"ಯಾರು ಹೇಳಿದ್ದು?"

"ಅವರ ಕಾಲುಗಳೇ ಹೇಳಿದ್ವು."

ನಾದಿನಿಯ ಮುಖ ಕೆಂಪಾಯಿತು. "ಇನ್ನೇನು ಮಾಡಲಿ ಹೇಳಿ. ಆ ದರ್ಜಿಗೆ ಎಡಕ್ಕೆ ಅಂದ್ರೆ ಬಲಕ್ಕೆ ಹೋಗ್ತಾರೆ. ಬೀಗದವರು ಪ್ರತಿ ವಾರ ಮೊದಲಿಂದ ಕಲೀತಾರೆ. ಹತ್ತು ವರ್ಷ ಮೈ ಮುರಿದು ಕಟ್ಟಿದ ಹೆಸರು ನಂದು. ಇವರನ್ನ ನಿಲ್ಲಿಸಿದ್ರೆ ನಿಮ್ಮ ಆಫೀಸೆಲ್ಲ ನಗ್ತಿತ್ತು."

"ಆಫೀಸೆಲ್ಲ ಎಲ್ಲಿ ಬಂದಿತ್ತು? ಬಂದವಳು ನಾನೊಬ್ಬಳು."

ಕೆಲಸಕ್ಕೆ ಹೊರಟಿದ್ದ ಗಂಡ ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಲಿಫ್ಟ್ ರಿಪೇರಿ ಅವನ ಕಸುಬು. "ಅವಳು ಹೇಳೋದೂ ಸರಿ, ನೀನು ಹೇಳೋದೂ..." ಎಂದು ಶುರುಮಾಡಿದ.

"ರೀ, ಎರಡು ಮಹಡಿ ಮಧ್ಯೆ ಸಿಕ್ಕಿಕೊಂಡ ಲಿಫ್ಟ್ ಥರ ನಿಲ್ಲಬೇಡಿ. ಮೇಲೆ ಹೋಗಿ, ಇಲ್ಲ ಕೆಳಗೆ ಬನ್ನಿ."

ಅವನು ಅಲ್ಲೇ ಸ್ಟೂಲಿನ ಮೇಲೆ ಕೂತ.

ಅತ್ತೆಗೆ ತಾಳ್ಮೆ ಮುಗಿದಿತ್ತು. "ಒಂಬತ್ತು ವರ್ಷ ಆಯ್ತು ನೀನು ಈ ಮನೆಗೆ ಬಂದು. ನನ್ನ ಮಗಳಂಥವರು ಬೆವರು ಸುರಿಸ್ತಾರೆ ಅಂತ ತಾನೆ ನಿನಗೆ ಕುರ್ಚಿ, ಸಂಬಳ? ಎರಡನೇ ಕಂತು ಬರದಿದ್ರೆ ಅವಳು ಬಾಗಿಲು ಹಾಕಬೇಕು. ನಿನ್ನ ಕೈಯಾರೆ ಅವಳ ಬಾಗಿಲು ಹಾಕಿಸಿದ್ರೆ, ಇವತ್ತಿಂದ ನನ್ನನ್ನ ಅತ್ತೆ ಅಂತ ಕರೀಬೇಡ."

ತಾಯಿಯಿಲ್ಲದೆ ಬೆಳೆದವಳು ಸೊಸೆ. ಜ್ವರದಲ್ಲಿ ಮಲಗಿದಾಗ ರಾತ್ರಿಯಿಡೀ ಹಣೆಗೆ ಒದ್ದೆಬಟ್ಟೆ ಹಾಕಿದ್ದು ಇದೇ ಒರಟು ಕೈ. ಬಾಯಿ ಎಷ್ಟೇ ಜೋರಿರಲಿ, ಆ ಒಂದು ಕರೆ ಕಳೆದುಕೊಂಡು ಈ ಮನೆಯಲ್ಲಿ ಬದುಕುವುದು ಹೇಗೆ? ಅವಳು ಕಣ್ಣೊರೆಸಿಕೊಂಡಳು. ಕಡತದಿಂದ ಹಾಜರಿ ಹಾಳೆಗಳನ್ನು ತೆಗೆದು ಅತ್ತೆಯ ಮುಂದೆ ಮೆಲ್ಲಗೆ ಸರಿಸಿದಳು. ಬೆಳಗ್ಗೆಯಿಂದ ಅವಳ ಕೈ ಕಟ್ಟಿಹಾಕಿದ್ದು ಅವುಗಳ ಎಂಟನೇ ಸಾಲು.

"ಇದು ನಿಮ್ಮ ಸಹಿ ಅಲ್ವಾ ಅತ್ತೆ?"

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಗಂಟುಗಳ ಲೆಕ್ಕಕ್ಕೆ ಅತ್ತೆ ಹಾಕಿದ ಸಹಿ, ಅಡಿಯಲ್ಲಿ ಎರಡು ಗೆರೆ ಎಳೆದದ್ದು. ಮನೆಯವರಿಗೆಲ್ಲ ಗೊತ್ತಿದ್ದ ಸಹಿ.

"ಅಮ್ಮ, ನೀನು ಡ್ಯಾನ್ಸಿಗೆ ಹೋಗಿದ್ಯಾ?" ಗಂಡ ಎದ್ದು ನಿಂತ.

"ವಾಕಿಂಗ್ ಅಂತ ಹೇಳಿ ಮೂರು ಗುರುವಾರ ಹೋಗಿದೀರಿ. ನಾಲ್ಕನೇ ವಾರ ಇಲ್ಲ. ಯಾಕೆ ಬಿಟ್ರಿ?" ಎಂದಳು ಸೊಸೆ.

"ಮಂಡಿ ನೋವು."

"ಮಂಡಿ ನೋವಿರೋರು ದಿನಾ ಮೂರು ಮಹಡಿ ಹತ್ತಿ ಬಟ್ಟೆ ಹರವ್ತಾರಾ?"

ನಾದಿನಿ ತಲೆ ತಗ್ಗಿಸಿದಳು. ಅತ್ತೆ ಯಾರ ಮುಖವನ್ನೂ ನೋಡದೆ ಹೇಳಿದರು.

"ಇವಳೇ ಹೇಳಿದ್ಲು... ಅಮ್ಮ, ನೀನು ಹಿಂದೆ ಬೀಳ್ತೀಯ, ಆ ಕುರ್ಚಿ ಮೇಲೆ ಕೂತ್ಕೋ ಅಂತ. ಎಲ್ಲರೆದುರಿಗೆ. ಮೂವತ್ತೊಂದು ವರ್ಷ ನಿಂತೇ ದುಡಿದೆ, ಒಂದಿನ ಕೂತ್ಕೋ ಅಂತ ಯಾರೂ ಅನ್ನಲಿಲ್ಲ. ಬೇಕಾದಾಗ ಅನ್ನಲಿಲ್ಲ... ಬೇಡದಾಗ ಅಂದ್ರು."

"ಅಮ್ಮ, ನಿನ್ನ ಮಂಡಿಗೋಸ್ಕರ ನಾನು..."

"ಸುಮ್ನಿರು. ನಿನ್ನ ಅತ್ತಿಗೆಗೆ ಕಾಲು ಓದೋಕೆ ಬರುತ್ತೆ, ನನಗೆ ನಿನ್ನ ಮುಖ ಓದೋಕೆ ಬರಲ್ವಾ? ನನಗೆ ನಾಚಿಕೆ ಆಗಿತ್ತು ಕಣಮ್ಮ. ಅದಕ್ಕೇ ಯಾರಿಗೂ ಹೇಳಲಿಲ್ಲ. ಆದ್ರೆ ಆ ಮೂರು ಗುರುವಾರ... ಮೈ ಹಗುರ ಆಗ್ತಿತ್ತು."

ನಾದಿನಿ ಮೇಜಿಗೆ ಮುಖವಿಟ್ಟು ಬಿಕ್ಕಿದಳು. ಯಾರೂ ಸಮಾಧಾನ ಮಾಡಲಿಲ್ಲ. ಅಳಬೇಕಾದವರನ್ನು ಅಳಲು ಬಿಡುವುದೇ ಕೆಲವೊಮ್ಮೆ ಒಳ್ಳೆಯದು. ಅತ್ತೆ ಪೆನ್ನನ್ನು ಸೊಸೆಯ ಕಡೆ ತಳ್ಳಿದರು.

"ಕಂಡದ್ದನ್ನ ಬರಿ. ಚೆನ್ನಾಗಿತ್ತು ಅಂತಾನೂ ಬರಿ, ಅದೇನು ಸುಳ್ಳಲ್ಲ."

ಸೊಸೆ ಮೂರೇ ಸಾಲು ಬರೆದಳು. ನೃತ್ಯ ಚೆನ್ನಾಗಿತ್ತು. ಕುಣಿದವರು ನೆರೆಹೊರೆಯವರಲ್ಲ, ಕಲಾವಿದೆಯ ಶಿಷ್ಯರು. ಸೇರಿದ್ದವರನ್ನು ಮತ್ತೆ ಕರೆಸಿದರೆ ಈ ಕೆಲಸ ಉಳಿಯುತ್ತದೆ.

ನಿರ್ದೇಶಕಿ ಎರಡನೇ ಕಂತು ತಡೆದರು. ಕೊಟ್ಟ ಹಣ ವಾಪಸು ಕೇಳಲಿಲ್ಲ. ಬಿಟ್ಟುಹೋದವರನ್ನೇ ಸೇರಿಸಿ ಸ್ವಂತ ಖರ್ಚಿನಲ್ಲಿ ಹತ್ತು ವಾರ ನಡೆಸಿದರೆ ಮುಂದಿನ ವರ್ಷ ನೋಡೋಣ ಎಂದರು. ನಾದಿನಿ ಕನ್ನಡಿಗಳನ್ನು ಮಾರಿ ಬಾಡಿಗೆ ಕಟ್ಟಿದಳು. ದರ್ಜಿಯ ಅಂಗಡಿಗೆ, ಬಸ್ ಡಿಪೋಗೆ, ಬೀಗದವರ ಗೂಡಂಗಡಿಗೆ ಒಬ್ಬಳೇ ಹೋಗಿ ತಪ್ಪಾಯಿತು ಎಂದಳು. "ಬರ್ತೀನಿ, ಆದ್ರೆ ಮೊದಲಿಂದ ಹೇಳ್ಕೊಡಬೇಕು," ಎಂದರು ಬೀಗದವರು. "ಹೇಳ್ಕೊಡ್ತೀನಿ," ಎಂದಳು. ಒಂಬತ್ತು ಮಂದಿ ಮರಳಿ ಬಂದರು. ತಾಯಿಯನ್ನು ಕರೆಯುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ. ಮೊದಲ ಗುರುವಾರವೇ ತಾಯಿ ಕರೆಯದೆ ಬಂದು ಮುಂದಿನ ಸಾಲಿನಲ್ಲಿ ನಿಂತರು.

ಆ ವರ್ಷದ ಎರಡನೇ ಕಂತು ಹೋಯಿತು. ನಾದಿನಿ ಅತ್ತಿಗೆಯ ಜೊತೆ ಈಗ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ, ಮೊದಲಿನ ಸಲಿಗೆ ಮರಳಿಲ್ಲ. ಅತ್ತೆ ಗುರುವಾರ ಸಂಜೆ ಆರರಿಂದ ಏಳೂವರೆಯವರೆಗೆ ಮನೆಯಲ್ಲಿರುವುದಿಲ್ಲ.